ಜನರಲ್ ರಜಿಸ್ಟರಿನ ಎರಡು ಕಾಲಂ



ಮಾಸ್ತರಿಕೆಯ ದಿನಗಳಲ್ಲಿ ಜೂನ್ ಎಂದರೆ ನನಗೆ ಜನರಲ್ ರಜಿಸ್ಟರಿನ ತಿಂಗಳು. ಮುಂಗಾರು ಹಿಡಿದು ಬಿತ್ತಿಗೆಯ ಗಡಿಬಿಡಿ ನಡೆದಿರುವಾಗಲೇ ತಂದೆಯೋ ತಾಯಿಯೋ ಮಗುವಿನ ಕೈ ಹಿಡಿದುಕೊಂಡು ಶಾಲೆಗೆ ಬರುತ್ತಿದ್ದರು. ನಾನು ಆ ದಪ್ಪ ಪುಸ್ತಕ ಬಿಚ್ಚಿ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಂದು ಒಂದೊಂದೇ ಕಾಲಂ ತುಂಬುತ್ತ ಹೋಗುತ್ತಿದ್ದೆ. ತಾರೀಖು ಬಹಳ ಜನರಿಗೆ ಗೊತ್ತಿರುತ್ತಿರಲಿಲ್ಲ. "ಕಾರಹುಣ್ಣಿವಿ ಮುಂದ ಹುಟ್ಯಾನ್ರಿ" ಎಂದರೆ ಜೂನ್ 1 ಎಂದು ಬರೆದುಬಿಡುತ್ತಿದ್ದೆ. ನಿಮ್ಮಲ್ಲಿ ಕೆಲವರ ಹುಟ್ಟುಹಬ್ಬ ಇಂದಿಗೂ ಜೂನ್ 1ಕ್ಕೇ ಬರುತ್ತಿದ್ದರೆ ಆ ಪಾಪ ನನ್ನಂಥವರದು. ಆದರೆ ತಾರೀಖನ್ನಾದರೂ ನಾನು ಬಾಯಿಬಿಟ್ಟು ಕೇಳುತ್ತಿದ್ದೆ. ಕೇಳದೆಯೇ ತುಂಬುತ್ತಿದ್ದ ಕಾಲಂಗಳು ಎರಡಿದ್ದವು. ಗಂಡೋ ಹೆಣ್ಣೋ ಎಂಬುದನ್ನು ಮಗುವಿನ ಅರಿವೆ ನೋಡಿ ಬರೆಯುತ್ತಿದ್ದೆ. ಧರ್ಮ ಯಾವುದೆಂಬುದನ್ನು ತಂದೆಯ ಹಣೆಯನ್ನೋ ಟೊಪ್ಪಿಗೆಯನ್ನೋ ನೋಡಿ ಬರೆಯುತ್ತಿದ್ದೆ.

ಆ ಎರಡೂ ಕಾಲಂಗಳಲ್ಲಿ ನಾನು ಬರೆದದ್ದು ತನಗೆ ಹೊಂದುವುದಿಲ್ಲ ಎಂದು ಮುಂದೊಂದು ದಿನ ಹೇಳಿದ ಒಬ್ಬ ವಿದ್ಯಾರ್ಥಿಯ ಸಂಗತಿಯನ್ನು ಇಂದು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಗುರುತು ಹತ್ತಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಪಡೆದಿದ್ದೇನೆ. ರಜಿಸ್ಟರಿನಲ್ಲಿ ನಾನು 'ಗಂಡು' ಎಂದು ಬರೆದಿದ್ದರೂ ಇಲ್ಲಿ 'ಅವಳು' ಎಂದೇ ಬರೆಯುತ್ತೇನೆ. ಅವಳ ಅಪೇಕ್ಷೆ ಅದು.

ಅವಳು ಒಕ್ಕಲುತನದ ಮನೆಯ ಮಗು. ಕನ್ನಡದಲ್ಲಿ ತರಗತಿಗೇ ಮೊದಲು. ನಡಿಗೆ, ಮಾತು, ಕೈ ತಿರುಗಿಸುವ ರೀತಿ ಎಲ್ಲವೂ ಹೆಣ್ಣುಮಗುವಿನವು. ಹುಡುಗರು ಅಡ್ಡಹೆಸರು ಇಟ್ಟರು. ನಾನು ಅವರನ್ನು ಗದರಿಸಲಿಲ್ಲ. ಅವಳನ್ನೇ ಕರೆದು "ನೆಟ್ಟಗ ನಡಿಯೋದು ಕಲಿ" ಎಂದೆ. ಗ್ಯಾದರಿಂಗ್ ಬಂದಾಗ ಮಾತ್ರ ನಾಟಕದ ಹೆಣ್ಣುಪಾತ್ರಕ್ಕೆ ಅವಳೇ ಬೇಕಾಗುತ್ತಿತ್ತು. ಸೀರೆ ಉಡಿಸಿ ರಂಗಕ್ಕೆ ಬಿಟ್ಟು, ಜನ ಸೀಟಿ ಹೊಡೆದಾಗ ನಾನೂ ಹಿಗ್ಗಿದ್ದೇನೆ. ಪರದೆ ಬಿದ್ದ ಮೇಲೆ ಅದೇ ಮಗು ಮಂದಿಯ ಕಣ್ಣಿಗೆ ಬೇಡವಾಗುತ್ತಿತ್ತು. ಈ ವಿರೋಧಾಭಾಸ ಆಗ ನನಗೆ ಹೊಳೆಯಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಅವಳ ತಲೆಯಲ್ಲಿ ಒಂದು ಜಡೆ ಗಂಟು ಬಿತ್ತು. ಅದೇ ವರ್ಷ ಮನೆಯಲ್ಲಿ ಎತ್ತೊಂದು ಸತ್ತಿತು. ಸವದತ್ತಿಯ ಎಲ್ಲಮ್ಮ ಕರೆಯುತ್ತಿದ್ದಾಳೆ ಎಂದು ಹಿರಿಯರು ತೀರ್ಮಾನಿಸಿದರು. ತಂದೆ ನನ್ನ ಬಳಿ ಬಂದು, "ಏನ ಮಾಡೂನ್ರಿ ಮಾಸ್ತರ, ಮುತ್ತು ಕಟ್ಟಸೂದೇನ?" ಎಂದು ಕೇಳಿದರು. ನಾನು ಗುಡ್ಡಕ್ಕೆ ನಡೆದುಕೊಳ್ಳುವ ಮನೆತನದವನು. ಹೊಡೆದು ಬಡಿದು ಮಾಡುವುದಕ್ಕಿಂತ ಇದು ಲೇಸಲ್ಲವೇ ಎನ್ನಿಸಿತು. "ತಾಯಿ ಕರದರ ಇಲ್ಲ ಅನ್ನಬ್ಯಾಡ್ರಿ" ಎಂದುಬಿಟ್ಟೆ. ಆ ಮಗುವನ್ನು ಒಂದು ಮಾತು ಕೇಳಲಿಲ್ಲ. ರಜಿಸ್ಟರಿನ ಕಾಲಂ ತುಂಬಿದಂತೆಯೇ ಇದನ್ನೂ ತುಂಬಿದೆ.

ಹೊಸ ತಲೆಮಾರಿನವರಿಗೆ ಇದು ಅಷ್ಟಾಗಿ ತಿಳಿದಿರಲಿಕ್ಕಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಗಂಡಾಗಿ ಹುಟ್ಟಿ ಹೆಣ್ಣಿನ ಭಾವ ತಳೆದವರಿಗೆ ಎಲ್ಲಮ್ಮ, ಹುಲಿಗೆಮ್ಮರ ಸನ್ನಿಧಿಯಲ್ಲಿ ಒಂದು ಸ್ಥಾನವಿದೆ. ಕೊರಳಿಗೆ ಮುತ್ತು ಕಟ್ಟಿ ಸೀರೆ ಉಡಿಸುತ್ತಾರೆ. ಅಲ್ಲಿಂದ ಅವರು ಜೋಗಪ್ಪ, ಜೋಗತಿ. ಪಡಲಗಿ ಹಿಡಿದು ಮಂಗಳವಾರ, ಶುಕ್ರವಾರ ಜೋಗಕ್ಕೆ ಬಂದರೆ ಜನ ಕಾಳು ನೀಡಿ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಚೌಡಿಕೆಯ ಪದ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ನಮ್ಮ ಜನಪದದ ಸಿರಿ. ಬೇರೆ ಕಡೆ ಕಲ್ಲೆಸೆಯುವವರು ಇದ್ದಾರೆ, ನಮ್ಮಲ್ಲಿ ಕೈ ಮುಗಿಯುತ್ತೇವೆ ಎಂದು ನಾವು ಹೆಮ್ಮೆಪಡುವುದೂ ಉಂಟು. ನಾನೂ ಭಾಷಣಗಳಲ್ಲಿ ಹಾಗೆ ಹೇಳಿದ್ದೇನೆ.

ಈ ದಾರಿಯಲ್ಲಿ ನಡೆದು ನಾಡಿಗೇ ಕೀರ್ತಿ ತಂದವರೂ ಇದ್ದಾರೆ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರನ್ನು ಮನೆಯವರು ಹುಲಿಗೆಮ್ಮನಿಗೆ ಬಿಟ್ಟರು. ಮುಂದೆ ಅವರು ವಿಷ ಕುಡಿದು ಬದುಕುಳಿದರು, ಮನೆ ತೊರೆದರು, ಭಿಕ್ಷೆ ಬೇಡಿದರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಹಾಡಿ ಮಗ ಕೊಡ ಹೊತ್ತು ಕುಣಿಯುವುದನ್ನು ಕಂಡು ಆ ಕಲೆಗೆ ಮನಸೋತರು. ಬಳಿಕ ಕಾಳವ್ವ ಜೋಗತಿಯವರ ಮೇಳದಲ್ಲಿ ಪಳಗಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಪಡೆಯುವ ಮುನ್ನ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡಿ ನನ್ನ ಕಣ್ಣೂ ತುಂಬಿದ್ದವು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಓದಿದವರಿಗೆ ಗೊತ್ತು, ದೇವಿಯ ಆಸರೆಯಲ್ಲಿದ್ದವರ ಪಾಡೇ ಎಷ್ಟು ಕಠಿಣವೆಂದು.

ಹಾಗಾದರೆ ಆ ಆಸರೆಯನ್ನೂ ಬಿಟ್ಟವರ ಪಾಡೇನು? ನಾನು ಕೇಳಬೇಕೆಂದಿರುವ ಪ್ರಶ್ನೆ ಇದು.

ನನ್ನ ವಿದ್ಯಾರ್ಥಿನಿ ಏಳೆಂಟು ವರ್ಷ ಪಡಲಗಿ ಹೊತ್ತಳು. ಅವಳನ್ನು ಮಗಳಂತೆ ನೋಡಿಕೊಂಡಿದ್ದ ಹಿರಿಯ ಜೋಗತಿಯೊಬ್ಬರು ಜ್ವರ ಬಂದು ಮಲಗಿದಾಗ, ಭಂಡಾರ ಹಚ್ಚಿದರೆ ಸಾಕು, ದವಾಖಾನೆ ಬೇಡ ಎಂದು ಸುತ್ತಲಿನವರು ಹಟ ಹಿಡಿದರು. ಆಕೆ ತೀರಿಕೊಂಡರು. ಅಂದೇ ಇವಳ ನಂಬಿಕೆ ಮುರಿಯಿತು. ಮುತ್ತು ಬಿಚ್ಚಿಟ್ಟಳು. ಆದರೆ ಸೀರೆ ಬಿಚ್ಚಲಿಲ್ಲ. ಈ ಎರಡು ಬೇರೆ ಬೇರೆ ಎಂಬುದೇ ಜನಕ್ಕೆ ಅರ್ಥವಾಗಲಿಲ್ಲ. ದೇವಿಯನ್ನು ಬಿಟ್ಟ ಮೇಲೆ ಮತ್ತೆ ಗಂಡಾಗಬೇಕಲ್ಲ ಎಂದರು ಮನೆಯವರು. ಅವಳು ನನಗೆ ಹೇಳಿದ ಮಾತನ್ನು ಅವಳ ಬಾಯಿಯಲ್ಲೇ ಕೇಳಿ: "ಸರ, ನಾ ಮೊದಲಿಂದ ಇರೂದ ಹಿಂಗರಿ. ಎಲ್ಲವ್ವ ಮಾಡಿದ್ದಲ್ಲ, ಎಲ್ಲವ್ವ ಬಿಟ್ಟರ ಹೋಗೂದೂ ಅಲ್ಲ. ಮೈಮ್ಯಾಲೆ ದೇವಿ ಬಂದಾಳ ಅಂದ್ರ ಎಲ್ಲಾರೂ ಕೈ ಮುಗೀತಾರ. ನಾ ಅಂದ್ರ ನಾನ ಅಂತ ನಿಂತ್ರ ಬಾಗಲಾ ಹಾಕ್ಕೋತಾರ."

ಈ ಮಾತಿನ ಮುಂದೆ ನನ್ನ ಭಾಷಣಗಳೆಲ್ಲ ಹೊಟ್ಟಾಗಿ ಹಾರಿಹೋದವು. ನಾವು ಕೈ ಮುಗಿದದ್ದು ಪಡಲಗಿಗೆ, ಅದನ್ನು ಹೊತ್ತವಳಿಗಲ್ಲ. ಎದ್ದು ಹೋಗಲು ಬಿಡುವಿಲ್ಲದ ಪೀಠವನ್ನು ಗೌರವವೆಂದು ಕರೆಯಬಹುದೇ?

ಬಿಟ್ಟು ಬಂದವಳಿಗೆ ಒಂದೇ ಏಟಿಗೆ ಎಷ್ಟು ಕಳೆದುಹೋಯಿತೆಂದು ಎಣಿಸಿ. ಜೋಗದ ಕಾಳು ನಿಂತಿತು. ಅಂದರೆ ಅನ್ನ ಹೋಯಿತು. ಸಂಗಡದ ಜೋಗತಿಯರು ಶಾಪಕ್ಕೆ ಅಂಜಿ ಮಾತು ಬಿಟ್ಟರು. ಅಂದರೆ ಎರಡನೆಯ ತವರೂ ಹೋಯಿತು. ಮನೆಯಲ್ಲಿ ಮಳೆ ಕೈಕೊಟ್ಟರೂ, ತಮ್ಮನ ಹೆಂಡತಿಗೆ ಗರ್ಭ ನಿಲ್ಲದಿದ್ದರೂ ಇವಳು ಮುತ್ತು ಬಿಚ್ಚಿದ್ದೇ ಕಾರಣವಾಯಿತು. ಹುಬ್ಬಳ್ಳಿಗೆ ಹೋದಳು. ಬಾಡಿಗೆ ಮನೆ ಕೇಳಿದಲ್ಲೆಲ್ಲ ಮೊದಲ ಪ್ರಶ್ನೆ "ಗಂಡೋ ಹೆಣ್ಣೋ", ಎರಡನೆಯ ಪ್ರಶ್ನೆ "ಯಾವ ಪೈಕಿ". ಎರಡಕ್ಕೂ ಅವಳ ಬಳಿ ಅವರಿಗೆ ಬೇಕಾದ ಉತ್ತರವಿರಲಿಲ್ಲ. ಮಂಗಳಮುಖಿಯರ ಮನೆಗಳಲ್ಲಿ ಗುರು-ಚೇಲಾ ಎಂಬ ಕಟ್ಟುಪಾಡಿದೆ, ಅವರದೇ ಪೂಜೆ ಪದ್ಧತಿಗಳಿವೆ; ದೇವರ ಗೊಡವೆಯೇ ಬೇಡವೆಂದವಳಿಗೆ ಅಲ್ಲಿಯೂ ಒಗ್ಗಲಿಲ್ಲ. ದೇವರನ್ನು ಒಪ್ಪದ ವಿಚಾರವಾದಿಗಳ ಸಭೆಗೂ ಒಮ್ಮೆ ಹೋಗಿದ್ದಳಂತೆ. ಅಲ್ಲಿ ಇವಳ ಮಾತಿಗೆ ಚಪ್ಪಾಳೆ ತಟ್ಟಿದವರು, ಊಟಕ್ಕೆ ಕುಳಿತಾಗ ಪಕ್ಕದ ಎಲೆ ಖಾಲಿ ಬಿಟ್ಟರಂತೆ. ಕೊನೆಗೆ ಹೊಲಿಗೆ ಕೈ ಹಿಡಿಯಿತು. ಈಗ ಜಂಪರ ಹೊಲಿಯುವುದರಲ್ಲಿ ಅವಳದು ದೊಡ್ಡ ಹೆಸರು.

ಇದು ಒಂದು ಧರ್ಮದ ದೋಷವೆಂದು ಯಾರೂ ತಿಳಿಯಬೇಡಿ. ಮಸೀದಿಯ ನೆರಳಲ್ಲಿ, ಇಗರ್ಜಿಯ ನೆರಳಲ್ಲಿ ಬೆಳೆದವರಿಗೂ ಮನೆ, ನೆಂಟಸ್ತಿಕೆ, ಮದುವೆ, ಮಣ್ಣು ಎಲ್ಲವೂ ಧರ್ಮದ ಹಗ್ಗಕ್ಕೇ ಕಟ್ಟಿರುತ್ತವೆ. ಬೇರೆಯವರು ಧರ್ಮ ಬಿಟ್ಟರೆ ಮಂದಿ ನಾಲ್ಕು ದಿನ ಮಾತಾಡಿ ಸುಮ್ಮನಾಗುತ್ತಾರೆ. ಇಂಥವರು ಬಿಟ್ಟರೆ "ಹಾಗಿದ್ದುದಕ್ಕೇ ಬಿಟ್ಟ" ಎಂದೊಬ್ಬರು, "ಬಿಟ್ಟದ್ದಕ್ಕೇ ಹಾಗಾದ" ಎಂದಿನ್ನೊಬ್ಬರು. ಎರಡೂ ಕಡೆಯ ಏಟು.

ಗಂಡನ್ನು ಪ್ರೀತಿಸುವ ಗಂಡಿಗೆ, ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ನಮ್ಮಲ್ಲಿ ಪಡಲಗಿಯ ಸ್ಥಾನವೂ ಇಲ್ಲ. ಅವರ ಸಂಬಂಧ ಅಪರಾಧವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಧರ್ಮದ ವಿಧಿಗಳನ್ನು ಬಿಟ್ಟು ಮದುವೆಯಾಗಬಯಸುವವರಿಗೆಂದು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆದರೆ ಆ ಬಾಗಿಲನ್ನು ಇವರಿಗೆ ತೆರೆಯಲು 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಒಪ್ಪಲಿಲ್ಲ. ಗುಡಿಯಲ್ಲೂ ಮದುವೆಯಿಲ್ಲ, ಕಚೇರಿಯಲ್ಲೂ ಮದುವೆಯಿಲ್ಲ.

ಕಾನೂನು ಏನೂ ಕೊಟ್ಟಿಲ್ಲವೆಂದಲ್ಲ. ತಾನು ಯಾರೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು 2014ರ ಏಪ್ರಿಲ್ 15ರ ತೀರ್ಪು ಸಾರಿತು. 2021ರಲ್ಲಿ ನಮ್ಮ ರಾಜ್ಯ ಸರಕಾರಿ ನೇಮಕಾತಿಯಲ್ಲಿ ಇವರಿಗೆ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟಿತು. ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಮೊದಲು ಹೇಳಿ ಆಮೇಲೆ ಧರ್ಮಾಚರಣೆಯ ಮಾತಾಡುತ್ತದೆ, ನಂಬದಿರುವುದೂ ಆತ್ಮಸಾಕ್ಷಿಯೇ. ಆದರೂ ಬಿರುಕುಗಳಿವೆ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯ್ದೆ ಹೆಣ್ಣುಮಕ್ಕಳನ್ನು ಕುರಿತು ಮಾತ್ರ ಹೇಳಿತ್ತು. ರಜಿಸ್ಟರಿನಲ್ಲಿ 'ಗಂಡು' ಎಂದಿದ್ದ ನನ್ನ ಶಿಷ್ಯೆಗೆ ಮುತ್ತು ಕಟ್ಟುವಾಗ ತಡೆಯುವವರೂ ಇರಲಿಲ್ಲ, ಬಿಚ್ಚಿದ ಮೇಲೆ ಪುನರ್ವಸತಿ ಎನ್ನುವವರೂ ಇರಲಿಲ್ಲ. ನಾನು ಬರೆದ ಆ ಎರಡಕ್ಷರ ಅವಳನ್ನು ಅಲ್ಲಿಯವರೆಗೂ ಹಿಂಬಾಲಿಸಿತು.

ಇರಲಿ. ಸರಕಾರದ ಕಾಗದ ಊರಿನ ಬಾಗಿಲು ತೆರೆಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಅವಳ ತಾಯಿ ತೀರಿಕೊಂಡಾಗ ಇದನ್ನು ಕಣ್ಣಾರೆ ಕಂಡೆ.

ಸುದ್ದಿ ತಿಳಿದು ಅವಳು ಮೊದಲ ಬಸ್ಸಿಗೇ ಬಂದಳು. ಸಾದಾ ಹತ್ತಿ ಸೀರೆ, ಹಣೆಯಲ್ಲಿ ಏನೂ ಇಲ್ಲ, ಕೊರಳಲ್ಲಿ ಏನೂ ಇಲ್ಲ. ಊರ ಹಿರಿಯರು ಕಟ್ಟೆಯ ಬಳಿಯೇ ತಡೆದರು. ಬೈಯಲಿಲ್ಲ, ಸಮಾಧಾನದಿಂದಲೇ ಮಾತಾಡಿದರು. ಪ್ಯಾಂಟು ಹಾಕಿಕೊಂಡು ಬಂದರೆ ಮಗನೆಂದು ಹೆಗಲು ಕೊಡಬಹುದು. ಮುತ್ತು ಕಟ್ಟಿಕೊಂಡು ಭಂಡಾರ ಹಚ್ಚಿಕೊಂಡು ಬಂದರೆ ಜೋಗತಿಯೆಂದು ಮುಂದೆ ನಿಲ್ಲಬಹುದು. ಹೀಗೆ ಬಂದರೆ ಯಾವ ಲೆಕ್ಕಕ್ಕೆ ಹಿಡಿಯುವುದು ಎಂದರು. ಅವಳು ಎರಡನ್ನೂ ಒಪ್ಪಲಿಲ್ಲ. ಹೆಣ ಊರು ದಾಟಿ ಹೊಲಕ್ಕೆ ಹೋಗುವಾಗ ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಿಂತು ದೂರದಿಂದ ನೋಡಿದಳು. 'ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು' ಎಂಬ ಗಾದೆಯನ್ನು ಎಷ್ಟು ಸಲ ನಿಮಗೆ ಬಿಡಿಸಿ ಹೇಳಿದ್ದೇನೋ! ಅದರ ಅರ್ಥ ನನಗೆ ಆದದ್ದು ಅಂದು. ತಾಯಿಯ ಔಷಧಕ್ಕೆ ತಿಂಗಳು ತಿಂಗಳು ಹಣ ಕಳಿಸಿದವಳು ಅವಳು.

ಆ ಕಟ್ಟೆಯ ಮೇಲೆ ನಾನೂ ಕುಳಿತಿದ್ದೆ. ಊರಿನಲ್ಲಿ ನನ್ನ ಮಾತಿಗೆ ಅಷ್ಟಿಷ್ಟು ಬೆಲೆಯಿತ್ತು. ನಾನು ಮಾತಾಡಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದವಳ ಬಳಿ ಹೋಗಿ ನಿಂತೆ. ಅವಳು ಅಳುತ್ತಿರಲಿಲ್ಲ. "ಸರ, ಒಂದ ಕೇಳ್ತೀನ್ರಿ. ನಾ ಸತ್ತರ ನನ್ನ ಎಲ್ಲಿ ಮಣ್ಣ ಮಾಡ್ತಾರ?" ಎಂದಳು. ನಮ್ಮ ಹಳ್ಳಿಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಈ ಜನಕ್ಕೆ ಇಲ್ಲಿ, ಆ ಜನಕ್ಕೆ ಅಲ್ಲಿ ಎಂದು ಸತ್ತ ಮೇಲೂ ಓಣಿಗಳು. ಯಾವ ಓಣಿಗೂ ಸೇರದವಳಿಗೆ ಎಲ್ಲಿ? ನನ್ನಲ್ಲಿ ಉತ್ತರವಿರಲಿಲ್ಲ. ಬಸ್ ಬಂತು, ಹತ್ತಿ ಹೋದಳು.

ಅಂದಿನಿಂದ ನನಗೆ ಶಿಶುನಾಳದ ನೆನಪು ಬೇರೆ ರೀತಿಯಲ್ಲಿ ಆಗುತ್ತದೆ. ನಮ್ಮ ಹತ್ತಿಮತ್ತೂರಿಗೆ ಅದೇನು ದೂರವಲ್ಲ. ಮುಸಲ್ಮಾನರಾಗಿ ಹುಟ್ಟಿ ಗೋವಿಂದ ಭಟ್ಟರ ಶಿಷ್ಯರಾದ ಶರೀಫರು 1889ರಲ್ಲಿ ಐಕ್ಯರಾದಾಗ ಎರಡೂ ಧರ್ಮದವರು ತಂತಮ್ಮ ವಿಧಿ ನಡೆಸಿದರೆಂದು ಹಿರಿಯರು ಹೇಳುತ್ತಾರೆ. ಇಂದಿಗೂ ಗದ್ದುಗೆಗೆ ಇಬ್ಬರೂ ನಡೆದುಕೊಳ್ಳುತ್ತಾರೆ. ಎರಡು ಧರ್ಮ ಸೇರಿಸಿದವರನ್ನು ಇಬ್ಬರೂ ನಮ್ಮವರೆಂದೆವು. ಎರಡನ್ನೂ ಬಿಟ್ಟವರನ್ನು ಯಾರು ನಮ್ಮವರೆನ್ನಬೇಕು?

ಬಿಡುವುದು ನಮ್ಮ ನಾಡಿಗೆ ಹೊಸದೇ? ಬಸವಣ್ಣನವರು ಜನಿವಾರ ಬೇಡವೆಂದು ಮನೆ ಬಿಟ್ಟರು. ಹಿರೇಕೆರೂರಿನಾಚೆಯ ಉಡುತಡಿಯ ಮಹಾದೇವಿ ಅರಮನೆ ಬಿಟ್ಟಳು, ಉಟ್ಟ ಸೀರೆಯನ್ನೂ ಬಿಟ್ಟಳು. ಆ ಕಾಲದವರು ಅವರನ್ನು ಧರ್ಮಭ್ರಷ್ಟರೆಂದೇ ಅಂದಿರಬೇಕು. ಎಂಟುನೂರು ವರ್ಷದ ಮೇಲೆ ಅವರ ಜಯಂತಿ ಮಾಡುವ ನಾವು, ಕಣ್ಣೆದುರಿಗೆ ಬಿಟ್ಟು ಬಂದವಳನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತೇವೆ. ಅವಳು ಅಕ್ಕನಲ್ಲ, ಶರಣೆಯಲ್ಲ, ಅವಳಿಗೆ ದೇವರೇ ಬೇಡ ಎಂದು ನೀವು ಹೇಳಬಹುದು. ನಿಜ. ಆದರೆ ಮರ್ಯಾದೆಯಿಂದ ಬದುಕಲು ಮಹಾತ್ಮರೇ ಆಗಬೇಕೇನು?

"ಮಾಸ್ತರ, ನೀವು ದಿನಾ ವಿಭೂತಿ ಹಚ್ಚವರು, ನಾಸ್ತಿಕರ ಪರ ಯಾಕ ಬರೀತೀರಿ?" ಎಂದು ನೆಂಟರೊಬ್ಬರು ಕೇಳಿದರು. ವಿಭೂತಿ ಹಚ್ಚುವುದರಿಂದಲೇ ಬರೆಯುತ್ತಿದ್ದೇನೆ. ಶಾಪಕ್ಕೆ ಅಂಜಿ ಹೊರುವ ಪಡಲಗಿ ಭಕ್ತಿಯಲ್ಲ. ಮನಸ್ಸಿನಿಂದ ಹೊತ್ತವರ ಮುಂದೆ ನಾನು ಈಗಲೂ ತಲೆಬಾಗುತ್ತೇನೆ. ಆದರೆ ಇಳಿಸುವ ಸ್ವಾತಂತ್ರ್ಯವಿದ್ದಾಗ ಮಾತ್ರ ಹೊತ್ತದ್ದಕ್ಕೆ ಅರ್ಥ. ಬಿಟ್ಟು ಹೋದವರ ಮೇಲೆ ಮುನಿಯುವಷ್ಟು ಸಣ್ಣವಳಲ್ಲ ನಾನು ನಂಬಿದ ತಾಯಿ. ಮುನಿಯುವವರು ನಾವು, ಹೆಸರು ಅವಳದು.

ಕಳೆದ ದೀಪಾವಳಿಯ ಹೊತ್ತಿಗೆ ಧೈರ್ಯ ಮಾಡಿ ಅವಳಿಗೆ ಫೋನ್ ಮಾಡಿದೆ. ಕಟ್ಟೆಯ ಮೇಲೆ ಸುಮ್ಮನೆ ಕುಳಿತದ್ದಕ್ಕೂ, ಅಂದು ತಂದೆಗೆ ಕೊಟ್ಟ ಸಲಹೆಗೂ ತಪ್ಪಾಯಿತು ಎಂದೆ. ಆಮೇಲೆ, "ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕದವ್ವಾ. ನಮ್ಮ ಹೊಲದಾಗ ನಮ್ಮ ಹಿರಿಯರನ್ನ ಮಣ್ಣ ಮಾಡಿದ ಜಾಗ ಐತಿ. ನಿನಗೂ ಅಲ್ಲಿ ಜಾಗ ಐತಿ ಅಂತ ಮಕ್ಕಳಿಗೆ ಹೇಳೇನಿ" ಎಂದೆ. ಆಚೆಯಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕಳು. "ಅಷ್ಟು ಮಾಡೀರಲ್ಲ ಸರ, ಸಾಕು. ಆದ್ರ ಸಾಯಾಕ ಇನ್ನೂ ಟೈಮ್ ಐತ್ರಿ. ಅಲ್ಲೀತನಕ ಬದುಕಾಕ ಜಾಗ ಕೊಡ್ರಿ ಅಂತ ನಿಮ್ಮ ಮಂದಿಗೆ ಹೇಳ್ರಿ" ಎಂದಳು.

ಆದ್ದರಿಂದ ನನ್ನ ಮಂದಿಯಾದ ನಿಮಗೆ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರಿದ್ದೀರಿ. ಮುಂದೆ ಅಂಥವರೊಬ್ಬರು ಬಂದು ಕೇಳಿದರೆ ಬಾಡಿಗೆ ಎಷ್ಟೆಂದು ಮಾತ್ರ ಹೇಳಿರಿ. ಯಾವ ಪೈಕಿ ಎಂದು ಕೇಳಬೇಡಿರಿ. ನಿಮ್ಮಲ್ಲಿ ಆಸ್ತಿ ಪಾಲು ಮಾಡುವವರಿದ್ದೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಅಡಿಯಲ್ಲಿ ದೇವರನ್ನು ನಂಬುವುದಿಲ್ಲ ಎಂದ ಮಾತ್ರಕ್ಕೆ ಯಾರ ಪಾಲೂ ತಪ್ಪುವುದಿಲ್ಲ; ಮಗನೆಂದರೂ ಪಾಲಿದೆ, 2005ರ ತಿದ್ದುಪಡಿಯ ಬಳಿಕ ಮಗಳೆಂದರೂ ಅಷ್ಟೇ ಪಾಲಿದೆ. ಎರಡರಲ್ಲಿ ಯಾವುದು ಎಂದು ಜಗಳ ತೆಗೆದು ಕೊಡಬೇಕಾದದ್ದನ್ನು ನುಂಗಬೇಡಿರಿ. ಮದುವೆ ಮುಂಜಿಯ ಕರೆಯೋಲೆ ಬರೆಯುವಾಗ, ಮನೆಯಲ್ಲಿ ಹೆಸರೇ ಎತ್ತದ ಆ ಒಬ್ಬರಿಗೂ ಒಂದು ಬರೆಯಿರಿ. ಬಂದರೆ ಪಂಕ್ತಿಯಲ್ಲಿ ಪಕ್ಕದ ಎಲೆಗೆ ನೀವೇ ಕುಳಿತುಕೊಳ್ಳಿರಿ.

ಮಾಸ್ತರರಾಗಿ ನನ್ನ ದಾರಿ ಹಿಡಿದವರಿಗೆ ಒಂದು ಮಾತು ಬೇರೆಯೇ ಇದೆ. ಆ ಎರಡು ಕಾಲಂಗಳನ್ನು ಶಾಯಿಯಲ್ಲಿ ತುಂಬುವುದು ನಿಮ್ಮ ಕೆಲಸ, ತುಂಬಿರಿ. ಆದರೆ ಮನಸ್ಸಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿರಿ. ಮುಂದೆ ಆ ಮಗು ಬಂದು "ಸರ, ಇದು ನಾನಲ್ಲ" ಎಂದರೆ ಅಳಿಸಲು ಬರಬೇಕು.

ಕೊನೆಯದಾಗಿ, ಇದನ್ನು ಓದುತ್ತಿರುವವರಲ್ಲಿ ಅಂಥವರು ಯಾರಾದರೂ ಇದ್ದರೆ, ಅದನ್ನು ನನ್ನ ಬಳಿ ಹೇಳಲು ಇಷ್ಟು ವರ್ಷ ಅಂಜಿದ್ದರೆ, ಅಂಜಿಕೆಗೆ ಕಾರಣ ನಿಮ್ಮಲ್ಲಿರಲಿಲ್ಲ, ನನ್ನಲ್ಲಿತ್ತು. ದೇವರನ್ನು ನಂಬಿಕೊಂಡು ಬನ್ನಿ, ಬಿಟ್ಟು ಬನ್ನಿ. ಪ್ಯಾಂಟಿನಲ್ಲಿ ಬನ್ನಿ, ಸೀರೆಯಲ್ಲಿ ಬನ್ನಿ. ಹತ್ತಿಮತ್ತೂರಿನ ಈ ಮನೆಯಲ್ಲಿ ರೊಟ್ಟಿ ಬುಟ್ಟಿ ಇನ್ನೂ ಬರಿದಾಗಿಲ್ಲ. ಬರುವ ಯುಗಾದಿಗೆ ಅವಳು ಬರುತ್ತೇನೆ ಎಂದಿದ್ದಾಳೆ. ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಬರಲು ನಾನೇ ಹೋಗುವವನಿದ್ದೇನೆ. ಕಟ್ಟೆಯ ಮುಂದಿನಿಂದಲೇ ಕರೆತರುತ್ತೇನೆ.

ಎಲ್ಲರಿಗೂ ಒಳಿತಾಗಲಿ.